ಕೆಂಪುಗಣ್ಣಿನ ಹುಡುಗ ಮನೆಗೆ ಬಂದಾಗ

ಮೈಸೂರು
ಭಾನುವಾರ ಮಧ್ಯಾಹ್ನ

ಚಿ. ಸಿಂಧುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿಮ್ಮ ದೊಡ್ಡಪ್ಪನ ಮಂಡಿನೋವು ಮಳೆ ಬಂದರೆ ಜಾಸ್ತಿ, ಬಿಸಿಲು ಬಂದರೆ ಕಮ್ಮಿ. ನೀನು ರಾತ್ರಿ ಹನ್ನೆರಡೂವರೆಗೆ ಕಳಿಸಿದ್ದ ಮೆಸೇಜನ್ನು ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡಿದೆ. "ದೊಡ್ಡಮ್ಮಾ, ಎಡ್ವರ್ಡ್ ಅಷ್ಟು ಜನರನ್ನ ಕೊಂದಿದಾನೆ ಅಂತ ಗೊತ್ತಾದ ಮೇಲೂ ನಂಗೆ ಅವನೇ ಇಷ್ಟ. ಬೆಲ್ಲಾ ಕ್ಷಮಿಸಿದ್ದು ತಪ್ಪಾ?" ಯಾವ ಎಡ್ವರ್ಡು, ಯಾರನ್ನು ಕೊಂದ ಎಂದು ಎದೆ ಧಸಕ್ಕೆಂದಿತು. ಆಮೇಲೆ ನೀನು ದಸರಾಕ್ಕೆ ಬಂದಾಗ ಇಲ್ಲೇ ಬಿಟ್ಟುಹೋದ 'ಟ್ವೈಲೈಟ್' ಕಾದಂಬರಿ ನೆನಪಾಯಿತು, ಆ ಕೆಂಪು ಸೇಬಿನ ಮುಖಪುಟದ್ದು. ಎಡ್ವರ್ಡ್ ಅದರ ನಾಯಕ, ರಕ್ತಪಿಶಾಚಿ; ಬೆಲ್ಲಾ ಅವನನ್ನು ಪ್ರೀತಿಸುವ ಮನುಷ್ಯರ ಹುಡುಗಿ. ಓದಿದೆ. ಮುಂದಿನ ಭಾಗಗಳನ್ನೂ ತರಿಸಿಕೊಂಡು ಓದಿದೆ. ಅದಕ್ಕೇ ಉತ್ತರ ಇಷ್ಟು ತಡ.

ಬೆಲ್ಲಾ ಕ್ಷಮಿಸಿದ್ದು ತಪ್ಪೋ ಸರಿಯೋ ಎಂದು ಕೇಳಿದ್ದೀಯ. ಅವಳು ಕ್ಷಮಿಸಿಯೇ ಇಲ್ಲವಲ್ಲೇ ಪುಟ್ಟಿ! ಆ ಪುಟ ಇನ್ನೊಮ್ಮೆ ಓದು. 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಷಿಕಾಗೋದಲ್ಲಿ ಸಾಯಲು ಬಿದ್ದಿದ್ದ ಹದಿನೇಳರ ಹುಡುಗ ಎಡ್ವರ್ಡನನ್ನು ಡಾಕ್ಟರ್ ಕಾರ್ಲೈಲ್ ತನ್ನಂತೆಯೇ ರಕ್ತಪಿಶಾಚಿ ಮಾಡಿ ಉಳಿಸಿಕೊಳ್ಳುತ್ತಾನೆ. ಮನುಷ್ಯರನ್ನು ಮುಟ್ಟಕೂಡದು, ಕಾಡುಪ್ರಾಣಿಯ ರಕ್ತದಲ್ಲೇ ಹೊಟ್ಟೆ ಹೊರೆಯಬೇಕು ಅನ್ನುವುದು ಆ ಮನೆಯ ನೇಮ. (ಇದಕ್ಕೇ ಅವರು ತಮ್ಮನ್ನು ಸಸ್ಯಾಹಾರಿಗಳೆಂದು ತಮಾಷೆ ಮಾಡಿಕೊಳ್ಳುತ್ತಾರೆ ಎಂದರೆ ನಿಮ್ಮ ದೊಡ್ಡಪ್ಪ ಕೆಮ್ಮು ಬರುವಷ್ಟು ನಕ್ಕರು.) ಹತ್ತು ವರ್ಷ ನೇಮ ಪಾಲಿಸಿದ ಹುಡುಗ ಬೇಸತ್ತು ಮನೆ ಬಿಡುತ್ತಾನೆ. ಇತರರ ಮನಸ್ಸಿನ ಮಾತು ಕೇಳುವ ಶಕ್ತಿ ಅವನಿಗಿದೆಯಲ್ಲ, ಕೊಲೆಗಡುಕರನ್ನೇ ಹುಡುಕಿ ಹುಡುಕಿ ಕೊಲ್ಲುತ್ತಾನೆ. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಿದಾಗ ಬೆಲ್ಲಾಗೆ ಹೇಸಿಗೆಯಾಗುವುದಿಲ್ಲ. ಅದು ನ್ಯಾಯವೇ ಅನ್ನಿಸುತ್ತದೆ. ನ್ಯಾಯ ಅಂದಮೇಲೆ ಕ್ಷಮಿಸುವುದಕ್ಕೆ ಏನುಳಿಯಿತು? ಅವಳಿಗಿಂತ ಎಡ್ವರ್ಡನೇ ವಾಸಿ. ಸತ್ತವರು ದುಷ್ಟರೇ ಆದರೂ ತನ್ನ ಕಣ್ಣಲ್ಲಿ ರಾಕ್ಷಸ ಕಾಣತೊಡಗಿದ ಎಂದು ಒಪ್ಪಿಕೊಳ್ಳುತ್ತಾನೆ.

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಇಲ್ಲಿ ಜನ್ನ ನೆನಪಾಗದೆ ಇರುತ್ತಾನೆಯೇ. 1209ರ 'ಯಶೋಧರ ಚರಿತೆ'ಯಲ್ಲಿ ಬಲಿಗೆ ಹೋಗುವುದು ಹಿಟ್ಟಿನ ಕೋಳಿ. ಜೀವವೇ ಇಲ್ಲದ ಕೋಳಿ! ಆದರೂ ಕೊಲ್ಲುವ ಸಂಕಲ್ಪವಿತ್ತಲ್ಲ, ಬಲಿ ಕೊಟ್ಟ ರಾಜ ಯಶೋಧರ, ಅವನ ತಾಯಿ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ಅಲೆಯುತ್ತಾರೆ. ಆ ತಕ್ಕಡಿಯಲ್ಲಿ ಎಡ್ವರ್ಡನನ್ನು ಕೂರಿಸಿದರೆ ಅವನ ಗತಿ ಏನು ಹೇಳು. ಜನ್ನ ಬಲು ಕಠಿಣ, ನಾನು ಅಷ್ಟು ದೂರ ಹೋಗಲಾರೆ. ಆದರೆ ಬೆಲ್ಲಾಳಷ್ಟು ಅಗ್ಗಕ್ಕೂ ಬಿಡಲಾರೆ.

ನನಗೆ ಹಿಡಿಸಿದ್ದು ಕಾರ್ಲೈಲ್ ಮತ್ತು ಅವನ ಹೆಂಡತಿ ಎಸ್ಮೆ. ಹುಡುಗ ಕೆಲವು ವರ್ಷಗಳ ಮೇಲೆ ಹಿಂತಿರುಗಿದಾಗ ಅವರು ಬಾಗಿಲು ತೆಗೆದರು. ಲೇಖಕಿ ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾಳೆ, ನಾನು ಅಲ್ಲೇ ಬಹಳ ಹೊತ್ತು ನಿಂತೆ. ಆ ಕಥೆಯಲ್ಲಿ ಮನುಷ್ಯರ ರಕ್ತ ಕುಡಿದವರ ಕಣ್ಣು ಕೆಂಪು, ಪ್ರಾಣಿರಕ್ತದವರದು ಜೇನಿನ ಬಣ್ಣ. ಆ ಕೆಂಪು ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಅಂದರೆ ಹುಡುಗ ಮನೆಗೆ ಬಂದಾಗ ಕಣ್ಣು ಕೆಂಪಾಗೇ ಇದ್ದಿರಬೇಕು. ಏನು ಮಾಡಿ ಬಂದಿದ್ದಾನೆಂದು ದಿನವೂ ಅವನ ಮುಖದಲ್ಲೇ ಕಾಣುತ್ತಿದ್ದಿರಬೇಕು. ಅವರು ಅದನ್ನು ನೋಡಿಕೊಂಡೇ ಜೊತೆಗಿಟ್ಟುಕೊಂಡರು. ಅವನು ಮಾಡಿದ್ದು ಸರಿ ಅನ್ನಲಿಲ್ಲ, ಮನೆಯ ನೇಮವನ್ನೂ ಸಡಿಲಿಸಲಿಲ್ಲ.

ನಿನಗೀಗ ಇಪ್ಪತ್ತಾಯಿತು, ಒಂದು ವಿಷಯ ಹೇಳಬಹುದು. ನಿನ್ನ ಸೋದರಮಾವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷದವನಿದ್ದಾಗ ಅವನು ನಿಮ್ಮಜ್ಜಿಯ ಪೆಟ್ಟಿಗೆಯಿಂದ ನಾಲ್ಕೆಳೆ ಸರ ತೆಗೆದುಕೊಂಡು ಹೋಗಿ ಮಾರಿದ. ಸಾಲದಲ್ಲಿ ಮುಳುಗಿದ್ದ ಗೆಳೆಯನನ್ನು ಉಳಿಸುವುದಕ್ಕಂತೆ. ಅವನಿಗೂ ಅದು ನ್ಯಾಯವಾಗೇ ಕಂಡಿತ್ತು. ಮುಖ ತೋರಿಸಲಾರದೆ ಮೂರು ವರ್ಷ ಮನೆ ಕಡೆ ತಲೆ ಹಾಕಲಿಲ್ಲ. ಬಂದ ದಿನ ಅಮ್ಮ ಅಡುಗೆಮನೆಯಿಂದಲೇ, "ಕಾಲು ತೊಳ್ಕೊಂಡು ಬಾ, ಸಾರು ಆರುತ್ತೆ" ಅಂದಳು. ಊಟಕ್ಕಿಕ್ಕುವಾಗ ಅವನ ಎದುರೇ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಯವರೆಗೆ ಅದು ದೇವರಮನೆಯ ಗೂಟದಲ್ಲಿ ತೂಗುತ್ತಿತ್ತು. ನನಗೆ ಅವಮಾನವಾಯಿತು. "ಒಳಗೆ ಕರೆದ ಮೇಲೆ ಇದೇನಮ್ಮ?" ಎಂದು ಆಮೇಲೆ ಕೇಳಿದೆ. "ಮಗ ಬೇರೆ, ಬೀಗದಕೈ ಬೇರೆ" ಅಂದಳು. ಗೊಂಚಲು ಮತ್ತೆ ಗೂಟಕ್ಕೆ ಬಂದದ್ದು ಎರಡು ವರ್ಷದ ನಂತರ, ಯಾರಿಗೂ ಹೇಳದೆ, ಒಂದು ಶುಕ್ರವಾರ.

ಇನ್ನು ನೀನು ಕೇಳದೇ ಇದ್ದದ್ದು. ಕೊಲೆಗಿಂತ ನನಗೆ ಕಸಿವಿಸಿಯಾದದ್ದು ಆ ಟ್ರಕ್ಕಿನ ವಿಷಯ. ಬೆಲ್ಲಾ ತನ್ನ ಗೆಳೆಯ ಜೇಕಬನನ್ನು ನೋಡಲು ಹೋಗಬಾರದೆಂದು ಎಡ್ವರ್ಡ್ ಅವಳ ಗಾಡಿ ಹೊರಡದಂತೆ ಮಾಡುತ್ತಾನಲ್ಲ, ಮೂರನೇ ಭಾಗ 'ಎಕ್ಲಿಪ್ಸ್'ನಲ್ಲಿ. ಅವಳು ಮಲಗಿದ್ದಾಗ ಕೋಣೆಗೆ ನುಗ್ಗಿ ನೋಡುತ್ತಾ ಕೂರುವುದು ಮೊದಲ ಪುಸ್ತಕದಲ್ಲೇ ಇದೆ. ಎರಡನೆಯದಾದ 'ನ್ಯೂ ಮೂನ್'ನಲ್ಲಿ ಅವಳ ಒಳ್ಳೆಯದಕ್ಕೇ ಎಂದು ಸುಳ್ಳು ಹೇಳಿ ಬಿಟ್ಟುಹೋಗುತ್ತಾನೆ. ಎಲ್ಲಕ್ಕೂ ಪ್ರೀತಿಯ ಹೆಸರು. ರಕ್ತ ಕುಡಿಯುವ ಹುಡುಗ ನಿನಗೆಲ್ಲೂ ಸಿಗುವುದಿಲ್ಲ, ಆ ಚಿಂತೆ ನನಗಿಲ್ಲ. ಗಾಡಿಯ ಕೀ ಬಚ್ಚಿಡುವವನು, ಫೋನ್ ತೆಗೆದು ನೋಡುವವನು ಕಾಲೇಜಿನ ಗೇಟಿನಲ್ಲೇ ಸಿಗುತ್ತಾನೆ. ಅಂಥದ್ದನ್ನು ಕ್ಷಮಿಸಬೇಡ ಎನ್ನುತ್ತಿಲ್ಲ. ಮೊದಲು ಗಾಡಿ ರಿಪೇರಿಯಾಗಲಿ, ನೀನು ಹೊರಟಲ್ಲಿಗೆ ಹೋಗಿ ಬಾ, ಆಮೇಲೆ ಬೇಕಿದ್ದರೆ ಕೂತು ಮಾತಾಡು.

ಎಡ್ವರ್ಡ್ ಇಷ್ಟವಾದದ್ದಕ್ಕೆ ನೀನೇನೂ ಕೆಟ್ಟವಳಾಗಲಿಲ್ಲ. ನನಗೂ ಇಷ್ಟವಾದ, ಸ್ವಲ್ಪ. ಪಿಯಾನೋ ನುಡಿಸುವ ಜಾಗದಲ್ಲಿ.

ನಿನ್ನೆ ಸಂಜೆ ನಿನ್ನ ಸೋದರಮಾವ ಬಂದಿದ್ದ, ನುಗ್ಗೆಕಾಯಿ ತಂದಿದ್ದ. ಕಾಫಿ ಕೊಟ್ಟು ಅವನಿಗೂ ಈ ಕಥೆ ಹೇಳಿದೆ. ರಕ್ತಪಿಶಾಚಿ ಅಂದಾಗ ನಕ್ಕ, ಸಸ್ಯಾಹಾರಿ ಅಂದಾಗ ಇನ್ನೂ ನಕ್ಕ. ಹುಡುಗ ಕೆಂಪುಗಣ್ಣು ಹೊತ್ತು ಮನೆಗೆ ಬಂದ ಕಡೆ ಸುಮ್ಮನಾದ. ಲೋಟ ಕೆಳಗಿಟ್ಟು, "ಎಷ್ಟು ದಿನ ಬೇಕಾಯ್ತಂತಕ್ಕಾ, ಕಣ್ಣಿನ ಬಣ್ಣ ತಿರುಗೋಕೆ?" ಎಂದು ಕೇಳಿದ.

ಇಂತಿ ನಿನ್ನ
ದೊಡ್ಡಮ್ಮ