ಅಪ್ಪನ ಪ್ಲೇಯರ್‌ಗೆ ಒಂದು ಪ್ಲೇಟು

ಸ್ಟಾಕ್‌ಹೋಮ್,
ನವೆಂಬರ್ 23, ಭಾನುವಾರ

ತೀರ್ಥರೂಪು ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಶುರುವಾಗಿದೆ, ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಒಡೆಯದೆ ಬಂದು ತಲುಪಿತು.

ಮೊನ್ನೆ ಫೋನಿನಲ್ಲಿ "ಅದೇನೋ ಪ್ಲೇಟು ತಗೊಂಡೆಯಂತೆ, ಏನದು?" ಅಂತ ಕೇಳಿದಿರಿ. ಇಂಗ್ಲಿಷ್ ಹಾಡು ಅಂದು ಸುಮ್ಮನಾದೆ. ಹಾಗೆ ಹೇಳಿದ್ದು ಆಮೇಲೆ ಮನಸ್ಸಿಗೆ ಚುಚ್ಚಿತು. ನಿಮ್ಮ ಹತ್ತಿರ ಸರಿಯಾಗಿ ಹೇಳಲೇಬೇಕಾದ ವಿಷಯ ಅದು.

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಬೆಂಗಳೂರಿಂದ ರಜೆಗೆ ಬಂದಾಗ ಹಾಸ್ಟೆಲಿನ ಗೆಳೆಯ ಕೊಟ್ಟ ಸಿ.ಡಿ.ಯನ್ನು ಕಂಪ್ಯೂಟರಿನಲ್ಲಿ ಹಾಕಿದ್ದೆ. ನೀವು ಬಾಗಿಲಲ್ಲಿ ನಿಂತು ಒಂದು ನಿಮಿಷ ಕೇಳಿ, "ಇದಕ್ಕಿಂತ ನಮ್ಮ ಸಾಮಿಲ್ಲೇ ವಾಸಿ ಕಣೋ" ಅಂದು ಹೋದಿರಿ. ನಾನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಕೊಂಡಿರುವುದು ಅದೇ ಹಾಡುಗಳ ಪ್ಲೇಟು. ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದೇನೆಂದರೆ ಅವತ್ತು ನೀವು ಹೇಳಿದ್ದು ಅಕ್ಷರಶಃ ಸರಿ. ಈ ಗಿಟಾರಿನ ಸದ್ದಿಗೆ ಪ್ರಪಂಚದ ತುಂಬ ಗರಗಸದ ಸದ್ದು ಅಂತಲೇ ಹೆಸರು.

ತಂಡದ ಹೆಸರು ಎಂಟೂಂಬ್ಡ್, ಪ್ಲೇಟಿನ ಹೆಸರು 'ಲೆಫ್ಟ್ ಹ್ಯಾಂಡ್ ಪಾತ್'. ಒರಟು ಗಿಟಾರು, ಅಬ್ಬರಿಸುವ ದನಿಯ ಈ ಸಂಗೀತದ ಜಾತಿಗೆ ಡೆತ್ ಮೆಟಲ್ ಅನ್ನುತ್ತಾರೆ. ಹುಡುಗರೆಲ್ಲ ಇದೇ ಸ್ಟಾಕ್‌ಹೋಮಿನ ಕಡೆಯವರು. 1989ರ ಡಿಸೆಂಬರಿನಲ್ಲಿ ಇಲ್ಲಿಯ ಸನ್‌ಲೈಟ್ ಸ್ಟುಡಿಯೋದಲ್ಲಿ ಟೋಮಾಸ್ ಸ್ಕೂಗ್ಸ್‌ಬೆರಿ ಎಂಬುವರು ರೆಕಾರ್ಡ್ ಮಾಡಿದರು. ಮರುವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಇಯರೇಕ್ ಕಂಪನಿ ಹೊರತಂದಿತು. ಡ್ರಮ್ಸ್ ನುಡಿಸಿದ ನಿಕ್ಕೆ ಆಂಡರ್ಸನ್‌ಗೂ ಹಾಡಿದ ಎಲ್.ಜಿ. ಪೆತ್ರೋವ್‌ಗೂ ಆಗ ಹದಿನೇಳು ವರ್ಷ. ಹದಿನೇಳು ಅಪ್ಪ! ನಾನು ಆ ವಯಸ್ಸಿನಲ್ಲಿ ಪಿ.ಯು. ಗೈಡು ಉರು ಹೊಡೆಯುತ್ತಿದ್ದೆ.

ಗರಗಸ ಎಲ್ಲಿಂದ ಬಂತು ಅಂದರೆ, ಜಪಾನಿನ ಬಾಸ್ ಕಂಪನಿಯವರು 1983ರಲ್ಲಿ ಎಚ್‌ಎಂ-2 ಎಂಬ ಕಾಲಲ್ಲಿ ಒತ್ತುವ ಸಣ್ಣ ಪೆಡಲ್ ತಂದಿದ್ದರು. ಗಿಟಾರಿನ ದನಿಯನ್ನು ಅದರ ಮೂಲಕ ಹಾಯಿಸಿದರೆ ಒರಟಾಗುತ್ತದೆ. ಅದಕ್ಕೆ ನಾಲ್ಕು ತಿರುಪುಗಳು. ಯಾರಾದರೂ ಹದವಾಗಿ ಅರ್ಧರ್ಧ ತಿರುಗಿಸಿಕೊಳ್ಳುತ್ತಾರೆ. ಈ ಹುಡುಗರು ನಾಲ್ಕನ್ನೂ ಕೊನೆಯ ತನಕ ತಿರುಗಿಸಿಬಿಟ್ಟರು. ಎಂಟೂಂಬ್ಡ್ ಆಗುವ ಮೊದಲು ತಂಡದ ಹೆಸರು ನಿಹಿಲಿಸ್ಟ್. ಆಗ ಅದರಲ್ಲಿದ್ದ ಲೇಫ್ ಕುಜ್ನರ್ ಇದನ್ನು ಶುರುಮಾಡಿದ್ದು ಅನ್ನುತ್ತಾರೆ. ಅದೇ ಕಾಲಕ್ಕೆ ಅಮೆರಿಕದ ಫ್ಲಾರಿಡಾದಲ್ಲೂ ಡೆತ್ ಮೆಟಲ್ ಜೋರಾಗಿತ್ತು, ಆದರೆ ಅಲ್ಲಿಯವರ ಗಿಟಾರು ಚಾಕುವಿನಂತೆ, ಸ್ವಚ್ಛ. ಇವರದ್ದು ಮರ ಕೊಯ್ಯುವ ಸದ್ದು. 1991ಕ್ಕೆ ಆ ಪೆಡಲ್ ತಯಾರಿಕೆಯೇ ನಿಂತಿತು. ಇಂಥ ಪ್ಲೇಟುಗಳಿಂದಾಗಿಯೇ ಜನ ಹಳೆಯದನ್ನು ಹುಡುಕಿ ಹುಡುಕಿ ಕೊಂಡರು. ಕೊನೆಗೆ 2021ರಲ್ಲಿ ಕಂಪನಿಯೇ ಅದನ್ನು ಮತ್ತೆ ಮಾಡಿತು.

ಸಾಯಂಕಾಲ ನೀವು ಜಗುಲಿಯಲ್ಲಿ ಕೂತು ಸಾಮಿಲ್ಲಿನ ಸದ್ದು ಕೇಳಿಯೇ "ಇವತ್ತು ತೇಗ ಅಲ್ಲ, ಮತ್ತಿ ಕೊಯ್ತಿದಾರೆ" ಅನ್ನುತ್ತಿದ್ದಿರಿ. ದಿಮ್ಮಿ ಇಲ್ಲದಾಗ ಬ್ಲೇಡು ಸಣ್ಣಗೆ ಗುಂಯ್ ಅನ್ನುವುದು, ಮರ ತಾಗಿದ ಕೂಡಲೇ ದನಿ ದಪ್ಪಗಾಗಿ ಕೆಳಗಿಳಿಯುವುದು, ಗಂಟು ಸಿಕ್ಕಲ್ಲಿ ಕಿರುಚುವುದು, ಎಲ್ಲ ನೀವೇ ತೋರಿಸಿಕೊಟ್ಟಿದ್ದು. ನನ್ನ ಕಿವಿ ತಯಾರಾಗಿದ್ದು ಅಲ್ಲಿ. ಈ ಪ್ಲೇಟಿನಲ್ಲೂ ಹಾಗೇ ಕೇಳಬೇಕು. ಮೊದಲು ಒಂದೇ ಗದ್ದಲ, ಆಮೇಲೆ ನಿಧಾನಕ್ಕೆ ಯಾವ ಮರ ಅಂತ ತಿಳಿಯುತ್ತದೆ.

ಹಾಸ್ಟೆಲಿನ ಸಿ.ಡಿ.ಯಲ್ಲಿ ಅದು ತಿಳಿಯುತ್ತಿರಲಿಲ್ಲ. ಎಂಪಿ3 ಮಾಡುವಾಗ ಅರ್ಧ ಸತ್ತುಹೋಗಿತ್ತು. ಅದಲ್ಲದೆ ಸಿ.ಡಿ. ಕಾಲದಲ್ಲಿ ಎಲ್ಲ ಕಂಪನಿಗಳೂ ಹಾಡನ್ನು ಜೋರು ಮಾಡುವ ಪೈಪೋಟಿಗೆ ಬಿದ್ದವು. ಮೆಲ್ಲಗಿದ್ದದ್ದನ್ನು ಎತ್ತಿ, ಜೋರಿದ್ದದ್ದನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಗಣಪತಿ ಪೆಂಡಾಲಿನ ಸ್ಪೀಕರ್ ಹಾಗೆ. ಇಯರೇಕ್‌ನವರು ಈ ಹೊಸ ಅಚ್ಚನ್ನು ಮೂಲ ಟೇಪಿನಿಂದ, ಹಾಗೆ ಒತ್ತದೆ ಮಾಡಿದ್ದಾರೆ. ಅದಕ್ಕೆ ಫುಲ್ ಡೈನಾಮಿಕ್ ರೇಂಜ್ ಅಂತ ಹೆಸರು. ಮೊದಲ ಸಲ ಹಾಕಿದ ದಿನ, ಗಿಟಾರು ಗಕ್ಕನೆ ನಿಂತಲ್ಲಿ ಡ್ರಮ್ಸಿನ ಕಂಚಿನ ತಾಳದ ನಾದ ತಾನಾಗಿ ಆರುವುದು ಕೇಳಿಸಿತು. ಇಷ್ಟು ವರ್ಷ ಕೇಳಿದ ಹಾಡು, ಅಲ್ಲೊಂದು ಬಿಡುವಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಎದ್ದು ಮುಳ್ಳನ್ನು ಹಿಂದಕ್ಕಿಟ್ಟು ಮತ್ತೆ ಕೇಳಿದೆ.

ಮೊದಲನೇ ಹಾಡೇ ಪ್ಲೇಟಿನ ಹೆಸರಿನದು, ಆರೂವರೆ ನಿಮಿಷಕ್ಕೂ ಉದ್ದ. ಅರ್ಧ ದಾಟಿದ ಮೇಲೆ ಓಟ ನಿಂತು, ಹಳೇ ಹೆದರಿಕೆ ಸಿನಿಮಾವೊಂದರಿಂದ ತೆಗೆದ ರಾಗ ನಿಧಾನಕ್ಕೆ ಏಳುತ್ತದೆ. ಅಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ದನಿಯ ಬಗ್ಗೆ ನಿಮಗೆ ಅನುಮಾನ ಇರುತ್ತದೆ, ಗೊತ್ತು. ಯಕ್ಷಗಾನದ ಬಣ್ಣದ ವೇಷ ಪರದೆ ಹಿಂದಿನಿಂದ ಅಬ್ಬರಿಸುವುದನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ಮಾತು ತಿಳಿಯಬೇಕು ಅಂತ ಯಾರೂ ಕೇಳುವುದಿಲ್ಲ. ಹದಿನೇಳರ ಹುಡುಗ ಪೆತ್ರೋವ್ ಹಾಗೆ ಅಬ್ಬರಿಸಿದ್ದಾನೆ. ಅವನು 2021ರ ಮಾರ್ಚಿನಲ್ಲಿ ಪಿತ್ತನಾಳದ ಕ್ಯಾನ್ಸರಿನಿಂದ ತೀರಿಕೊಂಡ, 49ನೇ ವಯಸ್ಸಿಗೆ. ಪ್ಲೇಟು ಹಾಕಿದಾಗಲೆಲ್ಲ ಅದು ಮನಸ್ಸಿಗೆ ಬರುತ್ತದೆ.

ಹೆಸರಿನ ವಿಷಯ ಹೇಳಲೇಬೇಕು. 'ಲೆಫ್ಟ್ ಹ್ಯಾಂಡ್ ಪಾತ್' ಅಂದರೆ ನಮ್ಮ ವಾಮಮಾರ್ಗವೇ! ತಂತ್ರದ ಆ ಮಾತನ್ನು 19ನೇ ಶತಮಾನದಲ್ಲಿ ಥಿಯಸಾಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ ಪಶ್ಚಿಮದಲ್ಲಿ ಹರಡಿದರು, ಅಲ್ಲಿಂದ ಕೈ ದಾಟುತ್ತ ಈ ಹುಡುಗರ ತನಕ ಬಂದಿದೆ. ನಮ್ಮ ಟಿ.ವಿ.ಯಲ್ಲಿ ವಾಮಾಚಾರ ಅಂದರೆ ನಿಂಬೆಹಣ್ಣು, ಗೊಂಬೆ ಅಷ್ಟೇ. ಇಲ್ಲಿಯ ಹಾಡಿನ ತಿರುಳು ಬೇರೆ: ನನಗೆ ನಾನೇ ಒಡೆಯ, ಯಾರ ಕಾಲಿಗೂ ಬೀಳಲಾರೆ ಅನ್ನುವುದು.

ಜನವರಿಯಲ್ಲಿ ಬರುವಾಗ ಪ್ಲೇಟನ್ನು ಬಟ್ಟೆಗಳ ನಡುವೆ ಇಟ್ಟು ತರುತ್ತೇನೆ. ಹೊದಿಕೆಯ ಮೇಲೆ ಡ್ಯಾನ್ ಸೀಗ್ರೇವ್ ಬರೆದ ಚಿತ್ರವಿದೆ. ಸಿ.ಡಿ.ಯಲ್ಲಿ ಅಂಗೈಯಷ್ಟು ಕಾಣುತ್ತಿದ್ದದ್ದು ಈಗ ಮಡಿಲ ತುಂಬ ಬರುತ್ತದೆ. ಅಷ್ಟರೊಳಗೆ ನಿಮ್ಮ ಎಚ್.ಎಂ.ವಿ. ಪ್ಲೇಯರಿಗೆ ಹೊಸ ಮುಳ್ಳು ಹಾಕಿಸಿಡಿ. ಹಳೇ ಮುಳ್ಳು ಪ್ಲೇಟಿನ ಗೀರನ್ನೇ ತಿಂದುಬಿಡುತ್ತದೆ. ಮುಳ್ಳು ಹಾರದಿರಲಿ ಅಂತ ನೀವು ಮೇಲಿಡುವ ನಾಲ್ಕಾಣೆಯನ್ನು ದಯವಿಟ್ಟು ತೆಗೆದಿಡಿ, ಈ ಪ್ಲೇಟಿಗೆ ಅಷ್ಟು ಭಾರ ಬೇಡ. ಅಂಚು ಮಾತ್ರ ಹಿಡಿದು ಎತ್ತುವುದನ್ನು ನೀವೇ ಕಲಿಸಿದ್ದು, ಅದನ್ನು ನಾನು ಹೇಳಬೇಕಿಲ್ಲ.

ಸಾಯಂಕಾಲ ಸಾಮಿಲ್ ನಿಂತ ಮೇಲೆ ಹಾಕೋಣ. ಅಮ್ಮನಿಗೆ ಮೊದಲೇ ಹೇಳಿಡಿ.

ನಿಮ್ಮ ಮಗ,
ರಘು