ಬಟ್ಟೆ ಹೊದಿಸಿದರೆ ಗೌರವವೇ?

ಮಾನ್ಯ ಸಂಪಾದಕರೇ,

ಶರೀರರಚನೆಯ ಚಿತ್ರಗಳಿಗೆ ಮ್ಯೂಸಿಯಂನಲ್ಲಿ ಕಪ್ಪು ಬಟ್ಟೆ ಹೊದಿಸಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಹೊದಿಸುವಾಗ ನನ್ನ ಚಿತ್ರಕಲಾ ವಿದ್ಯಾರ್ಥಿಗಳ ಜೊತೆ ನಾನು ಅಲ್ಲೇ ಇದ್ದೆ. ಬಿಸಿಲಲ್ಲಿ ಸರದಿ ನಿಂತು ಟಿಕೆಟ್ ಪಡೆದು, ಚೀಲವಷ್ಟೇ ಅಲ್ಲದೆ ಮಕ್ಕಳ ಸ್ಕೆಚ್ ಪುಸ್ತಕಗಳನ್ನೂ ಬಾಗಿಲಲ್ಲಿ ಒಪ್ಪಿಸಿ, ಲಿಫ್ಟ್ ಕೆಟ್ಟಿದ್ದರಿಂದ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಹೋದರೆ, ಸಿಬ್ಬಂದಿ ಸ್ಟೂಲ್ ಹಾಕಿಕೊಂಡು ವೈದ್ಯನೊಬ್ಬ ಹೆಣ ಕೊಯ್ದು ಪಾಠ ಹೇಳುತ್ತಿರುವ, ಡಚ್ ಕಲಾವಿದ ರೆಂಬ್ರಾಂಟ್‌ನ ಚಿತ್ರದ ಪ್ರತಿಗೆ ಬಟ್ಟೆ ಸಿಕ್ಕಿಸುತ್ತಿದ್ದರು. ಟಿಕೆಟ್ ಹಣ ವಾಪಸ್ ಇಲ್ಲ. ಕೇಳಿದ್ದಕ್ಕೆ, "ಮೇಲಿನವರ ಆದೇಶ ಮೇಡಂ. ಸತ್ತವರಿಗೆ ಗೌರವ ಕೊಡಬೇಕಲ್ಲ" ಎಂಬ ಉತ್ತರ.

ಗೌರವವಂತೆ! ಆ ಚಿತ್ರದ ಪಕ್ಕದ ಫಲಕ ಓದಿ. ಪಾಠ ಹೇಳುವ ಡಾ. ಟುಲ್ಪ್ ಹೆಸರಿದೆ, 1632 ಎಂಬ ಇಸವಿಯಿದೆ, ಪ್ರದರ್ಶನ ಉದ್ಘಾಟಿಸಿದವರ ಹೆಸರೂ ಇದೆ. ಮೇಜಿನ ಮೇಲೆ ಮಲಗಿದವನದು ಮಾತ್ರ ಇಲ್ಲ. ಅವನು ಆರಿಸ್ ಕಿಂಟ್, ದರೋಡೆಗಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೇಣಿಗೇರಿದವನು. ಚಿತ್ರದಲ್ಲಿ ಒಬ್ಬನ ಕೈಯಲ್ಲಿರುವ ಹಾಳೆಯಲ್ಲೂ ಸುತ್ತ ನೆರೆದವರ ಹೆಸರುಗಳನ್ನಷ್ಟೇ ಆಮೇಲೆ ಸೇರಿಸಿದ್ದಾರೆ. ಆದರೆ ರೆಂಬ್ರಾಂಟ್ ಬೆಳಕು ಚೆಲ್ಲಿದ್ದು ಕಿಂಟ್‌ನ ಮೈಮೇಲೆ. ಟುಲ್ಪ್ ಒಂದು ಕೈಯಲ್ಲಿ ಚಿಮಟ ಹಿಡಿದು ಅವನ ಎಡ ಮುಂಗೈಯ ಸ್ನಾಯುಗಳನ್ನು ಎತ್ತಿದ್ದಾನೆ. ಆ ಸ್ನಾಯುಗಳು ಮಾಡುವ ಕೆಲಸವನ್ನು ತನ್ನ ಇನ್ನೊಂದು ಕೈಯ ಬೆರಳು ಮಡಚಿ ತೋರಿಸುತ್ತಿದ್ದಾನೆ. ಅಲುಗುವ ಕೈ, ಇನ್ನೆಂದೂ ಅಲುಗದ ಕೈ ಪಕ್ಕಪಕ್ಕದಲ್ಲೇ. ಮಕ್ಕಳಿಗೆ ತೋರಿಸಬೇಕೆಂದಿದ್ದುದು ಇದನ್ನೇ.

ವೈದ್ಯ ವೆಸಾಲಿಯಸ್ ಬರೆದ 1543ರ ಶರೀರರಚನೆಯ ಗ್ರಂಥದ ಚಿತ್ರಕ್ಕೂ ಬಟ್ಟೆ ಬಿದ್ದಿದೆ. ಸಮಾಧಿಗೆ ಮೊಣಕೈ ಊರಿ, ತಲೆಬುರುಡೆಯೊಂದರ ಮೇಲೆ ಕೈಯಿಟ್ಟು ಯೋಚಿಸುತ್ತಾ ನಿಂತ ಅಸ್ಥಿಪಂಜರ ಅದು. ಸಾವಿನ ಬಗ್ಗೆ ಇದಕ್ಕಿಂತ ಗಂಭೀರವಾಗಿ ಇನ್ನು ಹೇಗೆ ಬರೆಯಬೇಕಿತ್ತು? ಹೆಣ ಕೊಯ್ದು ನೋಡುವುದು ನಮ್ಮ ಸಂಸ್ಕೃತಿಯಲ್ಲ ಎಂದೂ ಒಬ್ಬ ಅಧಿಕಾರಿ ಹೇಳಿದರು. ಸುಶ್ರುತ ಸಂಹಿತೆ ತೆರೆದು ನೋಡಲಿ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬಳಿಕ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಮೊದಲಾಗಿ ಒಂದೊಂದು ಅಂಗವನ್ನೂ ಕಣ್ಣಾರೆ ನೋಡಬೇಕು ಎಂದಿದೆ.

ಮರೆಮಾಡಲು ನ್ಯಾಯವಾದ ಕಾರಣವೂ ಇರುತ್ತದೆ, ಇಲ್ಲವೆನ್ನುವುದಿಲ್ಲ. 1783ರಲ್ಲಿ ತೀರಿಕೊಂಡ ಐರ್ಲೆಂಡಿನ ದೈತ್ಯದೇಹಿ ಚಾರ್ಲ್ಸ್ ಬರ್ನ್, ವೈದ್ಯರ ಕೈಗೆ ಸಿಗಬಾರದೆಂದು ತನ್ನ ಶವವನ್ನು ಕಡಲಿಗೆ ಹಾಕಲು ಬೇಡಿಕೊಂಡಿದ್ದ. ಆದರೂ ಶಸ್ತ್ರವೈದ್ಯ ಜಾನ್ ಹಂಟರ್ ಅದನ್ನು ದಕ್ಕಿಸಿಕೊಂಡ. ಅಸ್ಥಿಪಂಜರ ಲಂಡನ್ನಿನಲ್ಲಿ ಪ್ರದರ್ಶನದ ವಸ್ತುವಾಯಿತು. 2023ರಲ್ಲಿ ಅಲ್ಲಿನ ಹಂಟೇರಿಯನ್ ಮ್ಯೂಸಿಯಂ ಮತ್ತೆ ತೆರೆದಾಗ ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ. ಸತ್ತವನು ಬೇಡವೆಂದಿದ್ದ, ತಡವಾಗಿಯಾದರೂ ಕೇಳಿಸಿಕೊಂಡರು. ಇಲ್ಲಿ ಯಾರು ಯಾರ ಮಾತು ಕೇಳಿದರು? ಯಾರೋ ಒಂದು ದೂರು ಬರೆದರು, ಇವರು ಬಟ್ಟೆ ತಂದರು.

ಈ ಮ್ಯೂಸಿಯಂನವರ ಕಥೆ ಹೊಸದೇನಲ್ಲ. ಸ್ಕೆಚ್ ಮಾಡಲು ಅನುಮತಿ ಕೇಳಿದ ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ ಕಾಣೆಯಾಗುತ್ತದೆ. ಮಳೆ ಬಂದರೆ ಪ್ಲಾಸ್ಟರ್ ಶಿಲ್ಪಗಳ ಮೇಲೆ ನೀರು ಸೋರುತ್ತದೆ. ಅವುಗಳ ಮೇಲೆ ಮಾತ್ರ ಒಂದು ತುಂಡು ಬಟ್ಟೆ ಹಾಕಿದ್ದನ್ನೂ ಯಾರೂ ಕಂಡಿಲ್ಲ.

ಹೊದಿಕೆ ತೆಗೆಯಲಿ, ಫಲಕದಲ್ಲಿ ಆರಿಸ್ ಕಿಂಟ್‌ನ ಹೆಸರು ಬರೆಸಲಿ. ಅದಾಗದಿದ್ದರೆ ವಿಷಯ ಬಲ್ಲವರನ್ನು ಕರೆದು ಕೇಳಲಿ, ಅದೂ ಆಗದಿದ್ದರೆ ಬೀಗ ಹಾಕಿ ಮನೆಗೆ ಹೋಗಲಿ. ಆದೇಶ ಹೊರಡಿಸಿದವರು ಒಂದು ಚಿತ್ರದ ಮುಂದಾದರೂ ನಿಂತು ನೋಡಿದ್ದರೇ? ನೋಡದೆಯೇ ಸಹಿ ಹಾಕುವ ಚಾಳಿಯನ್ನು ಇವರು ಯಾವಾಗ ಬಿಡುತ್ತಾರೆ?

– ಚಿತ್ರಕಲಾ ಶಿಕ್ಷಕಿ