ಡಿಕ್ಕಿಯ ಸದ್ದು ನಿಲ್ಲಿಸಿದ ಹಿರಿಯರಿಗೆ ಧನ್ಯವಾದ

ತುಮಕೂರಿನ ಕ್ಯಾತ್ಸಂದ್ರದ ಬಳಿ ನಮ್ಮ ಕಾರಿನ ಹಿಂಬದಿಯ ಸಾಮಾನಿನ ಡಿಕ್ಕಿಯ ಗಡಗಡ ಸದ್ದಿನ ಮೂಲವನ್ನು ಪತ್ತೆಹಚ್ಚಿ, ಹೆಸರು ಕೇಳಿದಾಗ ನಕ್ಕು ಸುಮ್ಮನಾದ ಹಿರಿಯ ಮೆಕ್ಯಾನಿಕ್ ಅವರಿಗೆ ಈ ಮೂಲಕ ಧನ್ಯವಾದಗಳನ್ನು ಅರ್ಪಿಸುತ್ತೇನೆ. ಅವರು ಮೊದಲು ಜಾಕ್, ಸ್ಪ್ಯಾನರ್, ಸ್ಟೆಪ್ನಿ ಎಲ್ಲವನ್ನೂ ಕೆಳಗಿಳಿಸಿ, ಖಾಲಿ ಡಿಕ್ಕಿಯಲ್ಲೇ ಹಂಪುಗಳ ಮೇಲೆ ಕಾರು ಓಡಿಸಿ ನೋಡಿದರು. ಸದ್ದು ಉಳಿದೇ ಇದ್ದಾಗ, ಸಸ್ಪೆನ್ಷನ್ ಬಿಚ್ಚಬೇಕೆಂದು ಹೆದರಿಸದೆ, ಡಿಕ್ಕಿಯ ಮುಚ್ಚಿದ ಬಾಗಿಲನ್ನು ಅಂಗೈಯಿಂದ ಒತ್ತಿ ಅಲುಗಿಸಿ, ಅದು ಲಾಕ್‌ನಲ್ಲಿ ಬಿಗಿಯಾಗಿ ಕೂರುತ್ತಿಲ್ಲವೆಂಬುದನ್ನು ತೋರಿಸಿಕೊಟ್ಟರು. ಅಂಚಿನ ರಬ್ಬರ್ ಗುಬುಟುಗಳನ್ನು ತಿರುಗಿಸಿ ತುಸು ಮೇಲೆತ್ತಿದರು. ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನು ಸಡಿಲಿಸಿ, ಕೊಂಚ ಕೆಳಗೆ ಸರಿಸಿ ಮತ್ತೆ ಬಿಗಿದರು. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪ್ ಅಂಟಿಸಿದರು. ಬಾಗಿಲು ಹಾಕಲು ಈಗ ಸ್ವಲ್ಪ ಹೆಚ್ಚು ಬಲ ಬೇಕು, ಅದು ಇರಬೇಕಾದ ಬಿಗಿಯೇ ಸರಿ. ಇಷ್ಟಕ್ಕೆ ಅವರು ಪಡೆದದ್ದು ಟೇಪಿನ ಹಣವನ್ನು ಮಾತ್ರ.